ಬರ್ಲಿನ್‌ನ ಟರ್ಕಿಶ್ ಮಗು ವಾಕ್ಯ ಹೇಗೆ ಜೋಡಿಸುತ್ತದೆ? ನೀವೇ ಕೇಳಿ ನೋಡುವ ಬಗೆ

ಬರ್ಲಿನ್‌ನಲ್ಲಿ ಹುಟ್ಟಿದ ಟರ್ಕಿಶ್ ಮನೆಯ ಮಗುವೊಂದು ಓಡಿ ಬಂದು 'ಅತ್ತಿ ತೊಪು ಆಯ್ಶೆ' ಅಂದಿತು ಅಂತಿಟ್ಟುಕೊಳ್ಳಿ. ಪದಕ್ಕೆ ಪದ ಇಟ್ಟರೆ 'ಎಸೆದಳು ಚೆಂಡನ್ನ ಆಯ್ಶೆ'. ಟರ್ಕಿಶ್‌ನಲ್ಲಿ ಕ್ರಿಯಾಪದ ಕೊನೆಗೆ ಬರಬೇಕು ಅಂತ ಎಲ್ಲೋ ಓದಿದವರು ತಕ್ಷಣ 'ನೋಡಿ, ಜರ್ಮನ್ ನುಗ್ಗಿಬಿಟ್ಟಿದೆ' ಅನ್ನುತ್ತಾರೆ. ಸ್ವಲ್ಪ ತಡೀರಿ. ಇಂಥ ಹೇಳಿಕೆಯಲ್ಲಿ ಜರ್ಮನ್ ಕ್ರಿಯಾಪದವನ್ನು ಎರಡನೇ ಜಾಗದಲ್ಲಿ ಇಡುತ್ತದೆ, ಮೊದಲಲ್ಲಿ ಅಲ್ಲ. ನಮ್ಮ ಮನೆಯಲ್ಲೂ 'ಎಸೆದೇಬಿಟ್ಳು ಕಣೇ ಚೆಂಡನ್ನ' ಅಂತ ದಿನಾ ಕೇಳುತ್ತೀವಿ, ಅದಕ್ಕೆ ಯಾರನ್ನೂ ದೂರುವುದಿಲ್ಲ ಅಲ್ವಾ?

ಭಾಷಾವಿಜ್ಞಾನ ಓದುತ್ತಿರುವವರು, ಜರ್ಮನಿಯ ಶಿಶುವಿಹಾರದಲ್ಲಿ ಕೆಲಸ ಮಾಡುವವರು, ಪಕ್ಕದ ಮನೆಯ ಮಗುವಿನ ಮಾತು ಕೇಳಿ ಕುತೂಹಲ ಹುಟ್ಟಿದವರು, ಮಗುವಿನ ಪದಕ್ರಮ ಎಲ್ಲಿಂದ ಬಂತು ಅಂತ ಯಾರು ಬೇಕಾದರೂ ಕೇಳಿ ನೋಡಬಹುದು. ಟರ್ಕಿಶ್ ಅಷ್ಟಿಷ್ಟು ಬಂದರೆ ಸಾಕು, ಕನ್ನಡ ಬರುವುದು ದೊಡ್ಡ ಅನುಕೂಲ.

ಮೊದಲು ಟರ್ಕಿಶ್‌ನ ಲೆಕ್ಕಾಚಾರ ಕಿವಿಗೆ ಹತ್ತಬೇಕು. 'ಆಯ್ಶೆ ತೊಪು ಅತ್ತಿ' ಅಂದರೆ ಆಯ್ಶೆ ಆ ಚೆಂಡನ್ನು ಎಸೆದಳು. ಚೆಂಡಿಗೆ 'ತೊಪ್', ಕೊನೆಯ 'ಉ' ನಮ್ಮ 'ಅನ್ನು' ಇದ್ದ ಹಾಗೆ. ಈ ಮೂರು ಪದಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು, ಆರೂ ಟರ್ಕಿಶ್ಶೇ. ಆದರೆ ಆರಕ್ಕೂ ಒಂದೇ ಕೆಲಸ ಇಲ್ಲ. ಮಾತಿನ ವಿಷಯ ಸಾಮಾನ್ಯವಾಗಿ ಮೊದಲಲ್ಲಿ ಬರುತ್ತದೆ, ಒತ್ತಿ ಹೇಳಬೇಕಾದದ್ದು ಕ್ರಿಯಾಪದಕ್ಕೆ ತಕ್ಷಣ ಮುಂಚಿನ ಜಾಗಕ್ಕೆ ಬಂದು ಕೂರುತ್ತದೆ, ಕೇಳುವವರಿಗೆ ಆಗಲೇ ಗೊತ್ತಿರುವುದು ಕ್ರಿಯಾಪದ ಮುಗಿದ ಮೇಲೆ ಬಾಲದ ಥರ ಬರುತ್ತದೆ. 'ತೊಪು ಆಯ್ಶೆ ಅತ್ತಿ' ಅಂದರೆ 'ಚೆಂಡನ್ನ ಎಸೆದದ್ದು ಆಯ್ಶೆ', ಬೇರೆಯವರಲ್ಲ.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಇದೆ, ನೀವು ನಿಜವಾಗಿ ಕಾಯಬೇಕಾದದ್ದು ಅಲ್ಲೇ. 'ಆಯ್ಶೆ ತೊಪ್ ಅತ್ತಿ' ಅಂತ ಆ 'ಉ' ಪ್ರತ್ಯಯ ಬಿಟ್ಟರೆ ಯಾವುದೋ ಒಂದು ಚೆಂಡು ಅಂತಾಗುತ್ತದೆ, ನಾವು 'ಪುಸ್ತಕ ಓದಿದೆ' ಅನ್ನುವ ಹಾಗೆ. ಆಗ 'ತೊಪ್' ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು, ಅದನ್ನು ಕ್ರಿಯಾಪದದ ಆಚೆಗೆ ತಳ್ಳಿ 'ಅತ್ತಿ ತೊಪ್' ಅಂದರೆ ದೊಡ್ಡವರ ಕಿವಿಗೆ ಕಿರಿಕಿರಿ. ಪ್ರಶ್ನೆಯ ಪದವೂ ಹಾಗೇ. 'ತೊಪು ಕಿಮ್ ಅತ್ತಿ' ಸರಿ, 'ಚೆಂಡನ್ನ ಯಾರು ಎಸೆದರು' ಅಂತ. 'ತೊಪು ಅತ್ತಿ ಕಿಮ್' ಸರಿಯಲ್ಲ. ಮಗು ಇಂಥ ಕಡೆ ಮತ್ತೆ ಮತ್ತೆ ಎಡವಿದರೆ ಬರೆದಿಟ್ಟುಕೊಳ್ಳಿ, ಉಳಿದದ್ದಕ್ಕೆ ಸುಮ್ನೆ ಗಾಬರಿ ಬೇಡ.

ಈಗ ಮಾತು ಹಿಡಿಯುವ ಕೆಲಸ. ತಂದೆ ತಾಯಿಯ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. 'ಏನಾದರೂ ಹೇಳು ಪುಟ್ಟ' ಅಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಅಕ್ಷರವಿಲ್ಲದ ಚಿತ್ರಪುಸ್ತಕ ಕೊಟ್ಟು ಕಥೆ ಹೇಳಿಸಿ. ಸ್ವಲ್ಪ ದೊಡ್ಡ ಮಕ್ಕಳಾದರೆ ಜರ್ಮನಿಯ ಸಂಶೋಧಕರು ಹದಿಹರೆಯದವರಿಗೂ ದೊಡ್ಡವರಿಗೂ ಮಾಡಿಸುವ ಒಂದು ಉಪಾಯ ಇದೆ: ಸಣ್ಣ ಅಪಘಾತದ ವಿಡಿಯೋ ತೋರಿಸಿ, ನೋಡಿದ್ದನ್ನು ಒಮ್ಮೆ ಗೆಳೆಯನಿಗೆ, ಇನ್ನೊಮ್ಮೆ ಪೊಲೀಸರಿಗೆ ಹೇಳಿಸುವುದು. ಇದು ನನಗೆ ತುಂಬಾ ಇಷ್ಟ. ಮನೆಯಲ್ಲಿ ಮಾತ್ರ ಟರ್ಕಿಶ್ ಕೇಳಿದ ಮಗುವಿಗೆ ಗೆಳೆಯನ ಮಾತು ನೀರು ಕುಡಿದ ಹಾಗೆ, ಪೊಲೀಸರ ಮುಂದೆ ಆಡುವ ಬಿಗಿಯಾದ ಟರ್ಕಿಶ್ ಎಲ್ಲಿ ಕಲಿಯಬೇಕು ಪಾಪ?

ಬರೆದುಕೊಳ್ಳುವಾಗ ವಾಕ್ಯ ಮಾತ್ರ ಸಾಲದು. ಅದಕ್ಕೆ ಮುಂಚೆ ಯಾರು ಏನು ಹೇಳಿದರು, ಚೆಂಡು ಕಣ್ಣೆದುರಿಗೇ ಇತ್ತಾ, ಪ್ರತ್ಯಯ ಇತ್ತಾ ಇಲ್ಲವಾ ಅನ್ನುವುದೂ ಬೇಕು. ಕ್ರಿಯಾಪದದ ಆಚೆ ಬಂದ ಪ್ರತಿ ಪದಕ್ಕೂ 'ಇದು ಕೇಳುವವರಿಗೆ ಮೊದಲೇ ಗೊತ್ತಿತ್ತಾ' ಅಂತ ಕೇಳಿಕೊಳ್ಳಿ. ಹೌದು ಅಂತಾದರೆ ಮಗು ಟರ್ಕಿಶ್ ನಿಯಮವನ್ನೇ ಪಾಲಿಸಿದೆ. ಎಲ್ಲ ಹೊಸ ಸುದ್ದಿಯನ್ನೂ ಕ್ರಿಯಾಪದದ ಆಚೆಗೆ ಹಾಕುತ್ತಿದ್ದರೆ ಆಗ ಜರ್ಮನ್ ಕಡೆ ನೋಡಬಹುದು. ಅಮ್ಮನ ಮಾತನ್ನೂ ರೆಕಾರ್ಡ್ ಮಾಡಿ, ಇದನ್ನು ಬಹಳ ಜನ ಮರೆಯುತ್ತಾರೆ. ಒಬ್ಬ ಟರ್ಕಿಶ್ ತಾಯಿ ಒಂದೇ ಮಾತನ್ನು ಪದ ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ಹೇಳುವುದನ್ನು ಸಂಶೋಧಕರಾದ ಕ್ಯುಂತಾಯ್ ಮತ್ತು ಸ್ಲೋಬಿನ್ 1996ರಲ್ಲೇ ತೋರಿಸಿದ್ದಾರೆ. ಮಗು ಹೇಳಿದ ಕ್ರಮ ಅಮ್ಮನ ಬಾಯಲ್ಲೂ ಇದ್ದರೆ ಅದು ಮನೆಯಿಂದಲೇ ಬಂದದ್ದು. ಟರ್ಕಿಯ ರಾಜಧಾನಿ ಅಂಕಾರಾದ ಮಾತಿಗೆ ಹೋಲಿಸುವುದಾದರೆ ಅಲ್ಲಿನ ಆಡುಮಾತಿಗೇ ಹೋಲಿಸಿ, ವ್ಯಾಕರಣ ಪುಸ್ತಕಕ್ಕಲ್ಲ. ನೆದರ್ಲೆಂಡ್ಸ್‌ನ ಟರ್ಕಿಶ್ ಮಾತನ್ನು ಟರ್ಕಿಯ ಆಡುಮಾತಿನ ಜೊತೆ ಇಟ್ಟು ನೋಡಿದ ಸಂಶೋಧಕರಾದ ದೊಗ್ರುಯೊಜ್ ಮತ್ತು ಬಾಕುಸ್ ಅವರಿಗೆ ಕ್ರಿಯಾಪದದ ನಂತರದ ಪದಗಳಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ.

ಮಗು ತುಂಬಾ ಚಿಕ್ಕದಾದರೆ ಆಟಿಕೆ ತನ್ನಿ, ಒಂದು ಕುದುರೆ, ಒಂದು ಹಸು. 'ಅತ್ ಇನೆಯಿ ಇತ್ತಿ' ಅಂದರೆ ಕುದುರೆ ಹಸುವನ್ನು ತಳ್ಳಿತು, ಆಡಿಸಿ ತೋರಿಸು ಅನ್ನಿ. ಆಮೇಲೆ 'ಇನೆಯಿ ಅತ್ ಇತ್ತಿ' ಅನ್ನಿ. ಅರ್ಥ ಅದೇ, ಕ್ರಮ ಬೇರೆ; ಇಲ್ಲಿ ನಮ್ಮ 'ಅನ್ನು' ಇದ್ದ ಹಾಗಿರುವುದು 'ಇನೆಯಿ' ಕೊನೆಯ 'ಇ'. ಮಗು ಎರಡಕ್ಕೂ ಕುದುರೆಯಿಂದಲೇ ತಳ್ಳಿಸಿದರೆ ಅದು ಪ್ರತ್ಯಯವನ್ನು ನಂಬುತ್ತಿದೆ. ಮೊದಲು ಕೇಳಿದ ಪ್ರಾಣಿಯಿಂದ ತಳ್ಳಿಸಿದರೆ ಕ್ರಮವನ್ನು ನಂಬುತ್ತಿದೆ. ಸ್ಲೋಬಿನ್ ಮತ್ತು ಬೆವರ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟರ್ಕಿಯ ಎರಡು ವರ್ಷದ ಮಕ್ಕಳೇ ಪ್ರತ್ಯಯ ಹಿಡಿದು ಉತ್ತರ ಕೊಟ್ಟಿದ್ದರು, ಇಂಗ್ಲಿಷ್ ಮಕ್ಕಳು ಪದಗಳ ಕ್ರಮ ಹಿಡಿದಿದ್ದರು. ಎರಡು ಭಾಷೆಯ ಮಗುವಿಗೆ ಒಂದೇ ದಿನ ಹತ್ತು ಹದಿನೈದು ವಾಕ್ಯಕ್ಕಿಂತ ಜಾಸ್ತಿ ಬೇಡ, ಬೇಜಾರಾದ ಮಗು ಹಸುವನ್ನೇ ಎಸೆಯುತ್ತದೆ.

ನಿಜವಾದ ವ್ಯತ್ಯಾಸ ಹುಡುಕುವುದಾದರೆ ಉದ್ದ ವಾಕ್ಯಗಳಲ್ಲಿ ಹುಡುಕಿ. 'ಆಯ್ಶೆನಿನ್ ತೊಪು ಅತ್ತಿಯಿನಿ ಗೊರ್ದುಮ್', ಇದು ಹೆಚ್ಚುಕಮ್ಮಿ ನಮ್ಮ 'ಆಯ್ಶೆ ಚೆಂಡು ಎಸೆದದ್ದನ್ನ ನೋಡಿದೆ'. ಜರ್ಮನಿ, ನೆದರ್ಲೆಂಡ್ಸ್‌ನ ಎಷ್ಟೋ ಮಕ್ಕಳು ಇದನ್ನು ಒಡೆದು 'ನೋಡಿದೆ, ಆಯ್ಶೆ ಚೆಂಡು ಎಸೆದಳು' ಅನ್ನುವ ರೀತಿಯಲ್ಲಿ ಹೇಳುತ್ತಾರೆ. ಇಲ್ಲಿ ಜರ್ಮನ್ ನೆರಳೂ ಇರಬಹುದು. ಆದರೆ ಟರ್ಕಿಯ ಮಕ್ಕಳಿಗೂ ಈ 'ಎಸೆದದ್ದನ್ನ' ಥರದ ರೂಪ ತಡವಾಗಿಯೇ ಬರುತ್ತದೆ, ಅದನ್ನು ಗಟ್ಟಿ ಮಾಡುವುದು ಓದು ಮತ್ತು ಶಾಲೆ. ಜರ್ಮನಿ ಮತ್ತು ಟರ್ಕಿಯ 1961ರ ಒಪ್ಪಂದದ ಮೇಲೆ ಕಾರ್ಖಾನೆ ಕೆಲಸಕ್ಕೆ ಬಂದವರ ಮೊಮ್ಮಕ್ಕಳಿಗೆ ಶಾಲೆ ಜರ್ಮನ್‌ನಲ್ಲಿ, ಟರ್ಕಿಶ್ ಪಾಠ ಸಿಕ್ಕರೂ ವಾರಕ್ಕೆ ಕೆಲವೇ ಗಂಟೆ.

ಮನೆಯವರು 'ಏನು ಮಾಡೋಣ' ಅಂತ ಕೇಳಿದರೆ ವಾಕ್ಯ ತಿದ್ದಿ ಅನ್ನಬೇಡಿ, ದಿನಾ ರಾತ್ರಿ ಟರ್ಕಿಶ್ ಕಥೆ ಓದಿ ಅನ್ನಿ, ಆ ಉದ್ದ ವಾಕ್ಯಗಳು ಇರುವುದು ಅಲ್ಲೇ. ಆರು ತಿಂಗಳು ಬಿಟ್ಟು ಅದೇ ಚಿತ್ರಪುಸ್ತಕ ತೆಗೆದು ಮತ್ತೆ ರೆಕಾರ್ಡ್ ಮಾಡಿ, ಸಾಧ್ಯವಾದರೆ ಈ ಸಲ ವಿಡಿಯೋ ಕಾಲ್‌ನಲ್ಲಿ ಟರ್ಕಿಯ ಅಜ್ಜಿಗೆ ಕಥೆ ಹೇಳಿಸಿ. ಅಜ್ಜಿಗೆ ಜರ್ಮನ್ ಬರದಿದ್ದರೆ ಇನ್ನೂ ಒಳ್ಳೆಯದು.