ಮನೆಯಲ್ಲೇ ಎಂಬ್ರಾಯ್ಡರಿ ಕೆಲಸ: ಮೆಷಿನ್ ಕೊಳ್ಳುವ ಮೊದಲು ರಿಂಗ್ ಅಳೆಯಿರಿ

ನನ್ನ ಮೊದಲ ಎಂಬ್ರಾಯ್ಡರಿ ಮೆಷಿನ್‌ನ ರಿಂಗ್, ಅಂದರೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಫ್ರೇಮ್, ಅಂಗೈಗಿಂತ ಒಂಚೂರು ದೊಡ್ಡದಿತ್ತು. 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಅಂಗಡಿಯಲ್ಲಿ ಅದರ ಮೇಲೆ ಒಂದು ಗುಲಾಬಿ ಹೂ ನೋಡನೋಡುತ್ತಲೇ ಮೂಡಿಬಂತು. ಒಳಗೇ ನೂರಾರು ಡಿಸೈನ್ ಇವೆ, ಬ್ಲೌಸಿಗೂ ಆಗುತ್ತದೆ ಎಂದರು. ನಾನು ಡಿಸೈನ್ ಎಷ್ಟಿವೆ ಎಂದು ಕೇಳಿದೆ, ರಿಂಗ್ ಎಷ್ಟು ದೊಡ್ಡದು ಎಂದು ಕೇಳಲಿಲ್ಲ.

ರಾಣೆಬೆನ್ನೂರಿಗೆ ಮೆಷಿನ್ ತಂದ ತಿಂಗಳೊಳಗೆ ಒಂದು ಮದುವೆ ಬ್ಲೌಸ್ ಬಂತು. ಬೆನ್ನಿನ ಮೇಲೆ ಜೋಡಿ ನವಿಲು ಬೇಕು ಎಂದರು. ಆ ಡಿಸೈನ್ ನನ್ನ ರಿಂಗಿನಲ್ಲಿ ಹಿಡಿಯಲಿಲ್ಲ. ನಾಲ್ಕು ತುಂಡು ಮಾಡಿ, ಬಟ್ಟೆಯನ್ನು ನಾಲ್ಕು ಸಲ ಬಿಚ್ಚಿ ಕಟ್ಟಿ ಹಾಕಿದೆ. ಮೂರನೇ ತುಂಡು ಎರಡು ಮಿಲಿಮೀಟರ್ ಜಾರಿತು. ಬ್ಲೌಸ್ ಒಯ್ಯಲು ಬಂದ ಮದುಮಗಳ ಅಜ್ಜಿ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, "ಯವ್ವಾ, ಈ ನವಿಲಿನ ಕುತ್ತಿಗಿ ಯಾಕ ಮುರದಂಗ ಕಾಣತೈತಿ?" ಎಂದರು. ಬಟ್ಟೆಯ ದುಡ್ಡು ನಾನೇ ಕೊಟ್ಟೆ. ಆ ಪೀಸ್ ಈಗಲೂ ನನ್ನ ಹತ್ತಿರ ಇದೆ. "ಯಾವ ಮೆಷಿನ್ ತಗೊಳ್ಳಲಿ ಅಕ್ಕಾ?" ಎಂದು ಕೇಳಿಕೊಂಡು ಬರುವವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ.

1. ಯಾವ ಕೆಲಸ ಎಂದು ಮೊದಲು ಗೊತ್ತು ಮಾಡಿ

ಮೆಷಿನ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಊರಿನ ನಾಲ್ಕು ಟೇಲರ್‌ಗಳನ್ನು ಮಾತಾಡಿಸಿ. ಎಂಬ್ರಾಯ್ಡರಿ ಕೆಲಸ ಬಂದರೆ ಎಲ್ಲಿಗೆ ಕಳಿಸುತ್ತಾರೆ, ಎಷ್ಟು ದುಡ್ಡು ಕೊಡುತ್ತಾರೆ, ಎಷ್ಟು ದಿನ ಕಾಯುತ್ತಾರೆ ಎಂದು ಕೇಳಿ. ನಮ್ಮ ಕಡೆ ಬ್ಲೌಸ್ ಕೆಲಸವೇ ಜಾಸ್ತಿ. ಶಾಲೆಗಳು ಹತ್ತಿರ ಇದ್ದರೆ ಯೂನಿಫಾರ್ಮ್ ಜೇಬಿನ ಮೇಲಿನ ಲೋಗೋ ಕೆಲಸ ಸಿಗುತ್ತದೆ. ಅದು ಚಿಕ್ಕದು, ಒಂದೇ ಥರದ್ದು, ನೂರಾರು ಪೀಸ್ ಒಟ್ಟಿಗೆ ಬರುತ್ತದೆ. ಅದಕ್ಕೆ 10 ಸೆಂಟಿಮೀಟರ್ ರಿಂಗ್ ಧಾರಾಳ ಸಾಕು. ನನ್ನ ಹಳೆಯ ಮೆಷಿನ್ ಕೆಟ್ಟದ್ದೇನೂ ಆಗಿರಲಿಲ್ಲ. ಬ್ಲೌಸಿಗೆ ಅದನ್ನು ತಂದದ್ದು ತಪ್ಪು.

ಟೋಪಿ, ಹೊಲಿದಿಟ್ಟ ಟೀ ಶರ್ಟ್, ಬ್ಯಾಗಿನ ಕೆಲಸಕ್ಕೆ ಬೇರೆ ಥರದ ಮೆಷಿನ್ ಬೇಕು. ಬಟ್ಟೆಯನ್ನು ಚಪ್ಪಟೆ ಹರವಿಕೊಳ್ಳುವ ಮೆಷಿನ್‌ನಲ್ಲಿ ಟೋಪಿ ಕೂರುವುದಿಲ್ಲ. ತೋಳು ಚಾಚಿದ ಹಾಗೆ ಮುಂದಕ್ಕೆ ಬಂದಿರುವ, ಆ ತೋಳಿಗೆ ಬಟ್ಟೆ ತೊಡಿಸಬಹುದಾದ ಮೆಷಿನ್‌ಗೆ ಮಾತ್ರ ಟೋಪಿಯ ಫ್ರೇಮ್ ಹಾಕಲು ಬರುತ್ತದೆ.

ಗಿರಾಕಿಗಳು "ಮಗ್ಗಂ ವರ್ಕ್ ಮಾಡ್ತೀರಾ?" ಎಂದು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿಡುವ ಮೆಷಿನ್ ದಾರ ಮತ್ತು ಜರಿಯ ಕೆಲಸ ಮಾಡುತ್ತದೆ. ಮಣಿ, ಕುಂದನ್ ಕೂರಿಸುವುದು ಆರಿ ಸೂಜಿ ಹಿಡಿದ ಕೈಯ ಕೆಲಸ. ನಾನು ಬಳ್ಳಿ, ಎಲೆಗಳನ್ನು ಮೆಷಿನ್‌ನಲ್ಲಿ ಹಾಕಿ, ಮಣಿಗೆ ಪಕ್ಕದ ಓಣಿಯ ಹುಡುಗಿಗೆ ಕೊಡುತ್ತೇನೆ. ಇಬ್ಬರಿಗೂ ಕೆಲಸ.

ಇನ್ನೊಂದು ಮಾತು. ಧಾರವಾಡದ ಕಡೆಯ ಕಸೂತಿಯಲ್ಲಿ ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರ್ಗಿ ಹೊಲಿಗೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮೆಷಿನ್‌ನಲ್ಲಿ ಅಡಿದಾರ ಬೇರೆ ಇರುವುದರಿಂದ ಹಾಗೆ ಬರುವುದಿಲ್ಲ. ಗೋಪುರ, ತೇರಿನ ಚಿತ್ರವನ್ನು ಮೆಷಿನ್‌ನಲ್ಲಿ ಹಾಕಿಕೊಡಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಕೈ ಕಸೂತಿ ಎಂದು ಹೇಳಿ ಮಾರಬೇಡಿ. ಕಣ್ಣು ಸೋಲಿಸಿಕೊಂಡು ಆ ಕೆಲಸ ಮಾಡುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ.

2. ಹಳೆ ಪೇಪರ್ ಕತ್ತರಿಸಿ ನೋಡಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳೆಯ ದಿನಪತ್ರಿಕೆ ತಗೊಂಡು ಮೂರು ತುಂಡು ಕತ್ತರಿಸಿ. ಒಂದು 10ಕ್ಕೆ 10 ಸೆಂಟಿಮೀಟರ್, ಇನ್ನೊಂದು 13ಕ್ಕೆ 18, ಮತ್ತೊಂದು 20ಕ್ಕೆ 28. ಮನೆಯಲ್ಲಿಡುವ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು ಇವು. ಈಗ ನಿಮ್ಮದೇ ಒಂದು ಬ್ಲೌಸನ್ನು ಬೆನ್ನು ಮೇಲೆ ಮಾಡಿ ಹಾಸಿ, ಒಂದೊಂದೇ ತುಂಡು ಇಟ್ಟು ನೋಡಿ.

ಮೊದಲನೆಯದು ಕುತ್ತಿಗೆಯ ಕೆಳಗೆ ಒಂದು ಹೂವಿಗೆ ಸಾಕು. ಎರಡನೆಯದರಲ್ಲಿ ತೋಳಿನ ಮೇಲೆ ಒಂದು ಬುಟ್ಟಾ ಅಥವಾ ಬೆನ್ನಿನ ಅರ್ಧ ಭಾಗ ಬರುತ್ತದೆ. ಮೂರನೆಯದು ಸುಮಾರು 8 ಇಂಚು ಅಗಲ, 11 ಇಂಚು ಉದ್ದ. ಸಾಧಾರಣ ಮೈಕಟ್ಟಿನವರ ಬ್ಯಾಕ್ ನೆಕ್ ಅದರಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಮೊಣಕೈ ತನಕದ ತೋಳಿನ ಅಂಚೂ ಅಡ್ಡಕ್ಕೆ ಹಿಡಿಯುತ್ತದೆ. ಮದುವೆ ಬ್ಲೌಸ್ ಮಾಡುತ್ತೇನೆ ಎನ್ನುವವರು ಇದಕ್ಕಿಂತ ಚಿಕ್ಕ ರಿಂಗಿನ ಮೆಷಿನ್ ನೋಡುವುದೇ ಬೇಡ.

ಒಂದು ಎಚ್ಚರ. ರಿಂಗಿನ ಹೊರಗಿನ ಅಳತೆ ಬೇರೆ, ಸೂಜಿ ಓಡಾಡುವ ಜಾಗದ ಅಳತೆ ಬೇರೆ. ಅಂಗಡಿಯಲ್ಲಿ "ಹೊಲಿಯುವ ಜಾಗ ಎಷ್ಟು?" ಎಂದೇ ಕೇಳಿ, ಟೇಪ್ ಹಿಡಿದು ಅಳೆಯಿರಿ.

3. ಮೂರು ದಾರಿ

ಮೊದಲನೆಯದು ಜಿಗ್‌ಜಾಗ್ ಮೆಷಿನ್. ಬಟ್ಟೆಯನ್ನು ರಿಂಗಿಗೆ ಕಟ್ಟಿ ಕೈಯಿಂದ ತಿರುಗಿಸುತ್ತಾ, ಮೊಣಕಾಲಿನಿಂದ ಸನ್ನೆ ಒತ್ತಿ ಹೊಲಿಗೆಯ ಅಗಲ ಹಿಗ್ಗಿಸಿ ಕುಗ್ಗಿಸಿ ಹೂ ಬಿಡಿಸುವುದು. ಇದಕ್ಕೆ ಬೀಳುವುದು ಹತ್ತಾರು ಸಾವಿರದ ಲೆಕ್ಕ. ಕೈ ಪಳಗಲು ತಿಂಗಳುಗಟ್ಟಲೆ ಬೇಕು. ಪಳಗಿದ ಮೇಲೆ ರಿಂಗಿನ ಗಡಿ ಇಲ್ಲ, ಸೀರೆಯ ಸೆರಗಿನ ಉದ್ದಕ್ಕೂ ಹಾಕಬಹುದು, ಸಾಫ್ಟ್‌ವೇರ್ ಗೊಡವೆಯೂ ಇಲ್ಲ. ಚಿತ್ರ ಬಿಡಿಸುವ ಕೈ ನಿಮ್ಮದಾಗಿದ್ದರೆ ಇದನ್ನು ಕಡೆಗಣಿಸಬೇಡಿ.

ಎರಡನೆಯದು ಒಂದೇ ಸೂಜಿಯ ಕಂಪ್ಯೂಟರ್ ಮೆಷಿನ್. ಮೇಜಿನ ಮೇಲೆ ಕೂರುತ್ತದೆ, ಬೆಲೆ ಲಕ್ಷದ ಆಚೀಚೆ. ಡಿಸೈನನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ತಾನೇ ಹೊಲಿಯುತ್ತದೆ. ಬಣ್ಣ ಬದಲಾದಾಗಲೆಲ್ಲ ನಿಂತು ನಿಮ್ಮನ್ನು ಕರೆಯುತ್ತದೆ. ಹಳೆಯ ದಾರ ತೆಗೆದು ಹೊಸದು ಪೋಣಿಸಬೇಕು.

ಮೂರನೆಯದು ಹಲವು ಸೂಜಿಯದು. 4, 6, 10, 12, 15 ಸೂಜಿ ಹೀಗೆ ಸಿಗುತ್ತವೆ. ಬಣ್ಣ ತಾನೇ ಬದಲಿಸಿಕೊಳ್ಳುತ್ತದೆ. ಬೆಲೆ ಹಲವು ಲಕ್ಷ. ಫ್ಯಾಕ್ಟರಿ ಮಾದರಿಯವು ನೂರು ಕಿಲೋ ದಾಟುತ್ತವೆ. ಮಹಡಿಯ ಮನೆಯಾದರೆ ಮೆಟ್ಟಿಲು, ಬಾಗಿಲಿನ ಅಗಲ ಎರಡನ್ನೂ ಅಳೆಯಿರಿ. ಬಾಡಿಗೆ ಮನೆಯಾದರೆ ಕೆಳಗಿನ ಮನೆಯವರನ್ನು ಒಂದು ಮಾತು ಕೇಳಿ, ಅದುರು ಅವರ ಸೂರಿಗೆ ತಟ್ಟುತ್ತದೆ.

4. ಗಂಟೆಯ ಲೆಕ್ಕ

ಕ್ಯಾಟಲಾಗಿನಲ್ಲಿ ನಿಮಿಷಕ್ಕೆ 800 ಹೊಲಿಗೆ, 1000 ಹೊಲಿಗೆ ಎಂದು ಬರೆದಿರುತ್ತಾರೆ. ರೇಷ್ಮೆಯ ಮೇಲೆ ಆ ವೇಗದಲ್ಲಿ ಓಡಿಸಲು ಆಗುವುದಿಲ್ಲ. ಜರಿ ದಾರವಾದರೆ 400–500ಕ್ಕೆ ಇಳಿಸಬೇಕು, ಇಲ್ಲವಾದರೆ ಪಟಪಟ ಹರಿಯುತ್ತದೆ.

ಒಂದು ಬ್ಲೌಸ್ ಲೆಕ್ಕ ಹಾಕೋಣ. ಬೆನ್ನು, ಎರಡು ತೋಳು ಸೇರಿ 50,000 ಹೊಲಿಗೆ. ನಿಮಿಷಕ್ಕೆ 600ರಂತೆ 83 ನಿಮಿಷ. ಮೂರು ಸಲ ರಿಂಗ್ ಕಟ್ಟಲು 15 ನಿಮಿಷ. ಪ್ರತಿ ತುಂಡಿಗೆ 5 ಬಣ್ಣ ಎಂದರೆ 15 ಸಲ ದಾರ ಪೋಣಿಸಬೇಕು, ಅದಕ್ಕೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಒಟ್ಟು ಎರಡು ಗಂಟೆ. ಮನೆಗೆಲಸದ ನಡುವೆ ದಿನಕ್ಕೆ ಎರಡು ಬ್ಲೌಸ್ ಮುಗಿದರೆ ದೊಡ್ಡದು. ಹಲವು ಸೂಜಿಯದಾದರೆ ಆ ಇಪ್ಪತ್ತು ನಿಮಿಷ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಮೆಷಿನ್ ಓಡುತ್ತಿರುವಾಗ ನೀವು ಅನ್ನಕ್ಕಿಡಬಹುದು. ಆದರೂ ಕಿವಿ ಆ ಕಡೆಯೇ ಇರಬೇಕು, ದಾರ ಯಾವಾಗ ಹರಿಯುತ್ತದೆ ಎಂದು ಹೇಳಲು ಬರುವುದಿಲ್ಲ.

5. ನಿಮ್ಮ ಬಟ್ಟೆ ನೀವೇ ಒಯ್ಯಿರಿ

ಅಂಗಡಿಯವರು ತೋರಿಸುವಾಗ ಗಟ್ಟಿ ಬಟ್ಟೆಯ ಮೇಲೆ ತೋರಿಸುತ್ತಾರೆ. ಅದರ ಮೇಲೆ ಯಾವ ಮೆಷಿನ್ ಆದರೂ ಚೆನ್ನಾಗಿಯೇ ಹೊಲಿಯುತ್ತದೆ. ನೀವು ಒಂದು ರಾ ಸಿಲ್ಕ್ ತುಂಡು, ಒಂದು ಜಾರ್ಜೆಟ್, ಒಂದು ಗುಳೇದಗುಡ್ಡ ಖಣ ಚೀಲದಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ಒಂದು ಜರಿ ರೀಲು.

ಮೊದಲು ಸುಮ್ನೆ ಒಂದು ದೊಡ್ಡ ವೃತ್ತ ಹೊಲಿಸಿ. ಶುರುವಾದ ಜಾಗಕ್ಕೇ ಬಂದು ಕೂಡಿತೇ ನೋಡಿ. ಕೂಡದಿದ್ದರೆ ಬಟ್ಟೆ ಜಾರಿದೆ, ಇಲ್ಲವೇ ಫ್ರೇಮ್ ಅಲ್ಲಾಡುತ್ತಿದೆ. ಬಿಗಿಯಾಗಿ ಕಟ್ಟಿಸಿ ಇನ್ನೊಮ್ಮೆ ಹೊಲಿಸಿ.

ಆಮೇಲೆ ಎಲೆಯಂತೆ ದಪ್ಪ ತುಂಬಿದ ಒಂದು ಹೊಲಿಗೆ ಹಾಕಿಸಿ, ಬಟ್ಟೆ ತಿರುವಿ ಹಾಕಿ. ಹಿಂದುಗಡೆ ಮಧ್ಯದಲ್ಲಿ ಬಾಬಿನ್‌ನ ಬಿಳಿ ಅಡಿದಾರ ಒಂದು ಪಟ್ಟಿಯಂತೆ, ಅಗಲದ ಮೂರನೇ ಒಂದು ಭಾಗ ಕಾಣಬೇಕು. ಎರಡೂ ಪಕ್ಕ ಮೇಲಿನ ಬಣ್ಣ ಇಣುಕಬೇಕು. ಬಿಳಿ ದಾರವೇ ಮೇಲುಗಡೆಗೆ ಬರುತ್ತಿದ್ದರೆ ದಾರದ ಬಿಗಿ ಸರಿಯಿಲ್ಲ. ಸರಿಪಡಿಸಲು ಹೇಳಿ, ಅವರು ಹೇಗೆ ಸರಿಪಡಿಸುತ್ತಾರೆ ಎಂದು ಪಕ್ಕದಲ್ಲಿ ನಿಂತು ನೋಡಿ. ನಾಳೆ ಅದೇ ಕೆಲಸ ನೀವು ಮಾಡಬೇಕು.

ಕೊನೆಗೆ ಕನ್ನಡ. ಮೆಷಿನ್ ಒಳಗಿರುವ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷ್. ನಮ್ಮಲ್ಲಿ ಮದುಮಕ್ಕಳ ಹೆಸರು, ಸಂಘದ ಹೆಸರು, ದೇವರ ಹೆಸರು ಕನ್ನಡದಲ್ಲೇ ಬೇಕು ಎನ್ನುತ್ತಾರೆ, ಅಲ್ವಾ? ಕನ್ನಡದ ಪದವನ್ನು ಸಾಫ್ಟ್‌ವೇರಿನಲ್ಲಿ ಬೇರೆಯಾಗಿ ಮಾಡಿಸಬೇಕು. "ಲಕ್ಷ್ಮಿ" ಎಂಬ ಪದವನ್ನು ಮೊದಲೇ ಮಾಡಿಸಿ ಪೆನ್‌ಡ್ರೈವಿನಲ್ಲಿ ಒಯ್ದು ಒಂದು ಸೆಂಟಿಮೀಟರ್ ಎತ್ತರಕ್ಕೆ ಹೊಲಿಸಿ. ಕ್ಷ್ಮಿಯ ಒಳಗಿನ ಸಣ್ಣ ಕಂಡಿಗಳು ಮುಚ್ಚದೆ, ಕೆಳಗಿನ ಒತ್ತು ಗುಡ್ಡೆಯಾಗದೆ ಬಿಡಿಬಿಡಿಯಾಗಿ ಬಂದರೆ ಆ ಮೆಷಿನ್ ಸಣ್ಣ ಕೆಲಸಕ್ಕೆ ಗಟ್ಟಿ. ಮುದ್ದೆಯಾದರೆ ತಕ್ಷಣ ಮೆಷಿನ್‌ನನ್ನು ಬೈಯಬೇಡಿ. ಡಿಸೈನ್ ಮಾಡಿದವರು ಹೊಲಿಗೆ ಒತ್ತಾಗಿ ತುಂಬಿದ್ದರೂ ಹಾಗಾಗುತ್ತದೆ. ಅದೇ ಫೈಲನ್ನು ಎರಡು ಮೆಷಿನ್‌ಗಳಲ್ಲಿ ಹೊಲಿಸಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ.

6. ಫೈಲು

ಒಂದೊಂದು ಕಂಪನಿಯ ಮೆಷಿನ್ ಒಂದೊಂದು ಥರದ ಫೈಲ್ ಓದುತ್ತದೆ. ಬ್ರದರ್‌ಗೆ ಪಿಇಎಸ್, ಜನೋಮ್‌ಗೆ ಜೆಇಎಫ್. ಡಿಎಸ್‌ಟಿ ಎಂಬುದು ಫ್ಯಾಕ್ಟರಿ ಮೆಷಿನ್‌ಗಳ ಕಡೆಯಿಂದ ಬಂದು ಈಗ ಎಲ್ಲೆಡೆ ನಡೆಯುತ್ತದೆ. ಅದರಲ್ಲಿ ಬಣ್ಣದ ಹೆಸರು ಇರುವುದಿಲ್ಲ, ಎಲ್ಲಿ ದಾರ ಬದಲಿಸಬೇಕು ಎಂಬ ಗುರುತು ಮಾತ್ರ. ಹಾಗಾಗಿ ಪರದೆಯ ಮೇಲೆ ನವಿಲು ಕೆಂಪಗೆ ಕಂಡರೆ ಗಾಬರಿ ಬೇಡ. ಡಿಸೈನ್ ಮಾಡುವುದನ್ನು ಕಲಿಯುವ ಮನಸ್ಸಿದ್ದರೆ ಇಂಕ್‌ಸ್ಟಿಚ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮೊದಲ ಆರು ತಿಂಗಳು ಡಿಸೈನ್ ಕೊಂಡು ಹೊಲಿಯಿರಿ ಎನ್ನುವುದೇ ನನ್ನ ಸಲಹೆ.

7. ರಿಪೇರಿಯವರು ಎಲ್ಲಿದ್ದಾರೆ?

ಒಳ್ಳೆಯ ಮೆಷಿನ್ ಇದ್ದು ಮೆಕ್ಯಾನಿಕ್ ಬೆಂಗಳೂರಿನಲ್ಲಿದ್ದರೆ ಶ್ರಾವಣದ ನಡುವೆ ನೀವು ಕೈಕಟ್ಟಿ ಕೂರಬೇಕು. ನಾನು ಎರಡನೇ ಮೆಷಿನ್ ಕೊಳ್ಳುವಾಗ ದಾವಣಗೆರೆಯಲ್ಲಿ ಮೆಕ್ಯಾನಿಕ್ ಇರುವ ಕಂಪನಿಯದ್ದನ್ನೇ ತಗೊಂಡೆ. ಅದಕ್ಕಿಂತ ಚೆನ್ನಾಗಿದ್ದ ಇನ್ನೊಂದನ್ನು ಬಿಟ್ಟೆ, ಇವತ್ತಿಗೂ ಬೇಸರವಿಲ್ಲ. ಅದೇ ಮೆಷಿನ್ ಇಟ್ಟುಕೊಂಡ ಇಬ್ಬರ ಮನೆಗೆ ಹೋಗಿ, "ಕರೆದಾಗ ಎಷ್ಟು ದಿನಕ್ಕೆ ಬಂದರು?" ಎಂದು ಕೇಳಿ. ಬಾಬಿನ್ ಕೇಸ್, ಸೂಜಿ, ಹೆಚ್ಚಿನ ರಿಂಗ್ ಎಲ್ಲಿ ಸಿಗುತ್ತದೆ ಎಂದೂ ತಿಳಿದುಕೊಳ್ಳಿ.

ಹಳೆಯ ಮೆಷಿನ್ ಕೊಳ್ಳುವುದಾದರೆ ಇಲ್ಲಿಯವರೆಗೆ ಒಟ್ಟು ಎಷ್ಟು ಹೊಲಿಗೆ ಹಾಕಿದೆ ಎಂದು ತೋರಿಸಲು ಹೇಳಿ. ಬಹಳಷ್ಟು ಕಂಪ್ಯೂಟರ್ ಮೆಷಿನ್‌ಗಳಲ್ಲಿ ಆ ಲೆಕ್ಕ ಇರುತ್ತದೆ.

ಕರೆಂಟಿನ ವಿಷಯ. ಹೋಗಿ ಬರುವ ಕರೆಂಟು, ಏರಿಳಿಯುವ ವೋಲ್ಟೇಜು ಮೆಷಿನ್‌ನ ಬೋರ್ಡಿಗೆ ಒಳ್ಳೆಯದಲ್ಲ. ಯುಪಿಎಸ್ ಖರ್ಚನ್ನು ಮೆಷಿನ್ ಬೆಲೆಯ ಜೊತೆಗೇ ಸೇರಿಸಿಕೊಳ್ಳಿ. ಮನೆಯ ಮೀಟರಿನಲ್ಲೇ ಕೆಲಸ ಮಾಡಬಹುದೇ ಎಂದು ಹೆಸ್ಕಾಂ ಅಥವಾ ಬೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

8. ದುಡ್ಡು

ಉದಾಹರಣೆಗೆ ಮೆಷಿನ್ 1,50,000 ರೂಪಾಯಿ, ಯುಪಿಎಸ್, ದಾರ, ಬಟ್ಟೆಯ ಅಡಿಗೆ ಇಡುವ ಬ್ಯಾಕಿಂಗ್ ಪೇಪರ್ ಸೇರಿ 20,000 ಎಂದುಕೊಳ್ಳಿ. ಒಂದು ಬ್ಲೌಸಿಗೆ 500 ತಗೊಂಡು, 70 ರೂಪಾಯಿ ಸಾಮಾನಿಗೆ ಹೋದರೆ ಉಳಿಯುವುದು 430. ಹಾಕಿದ ದುಡ್ಡು ಹುಟ್ಟಲು ಸುಮಾರು 395 ಬ್ಲೌಸ್ ಬೇಕು. ವಾರಕ್ಕೆ 5 ಬಂದರೆ ಒಂದೂವರೆ ವರ್ಷ, 8 ಬಂದರೆ ಒಂದು ವರ್ಷದೊಳಗೆ. ಇದರಲ್ಲಿ ನಿಮ್ಮ ಕೂಲಿ ಇನ್ನೂ ಸೇರಿಲ್ಲ. ನಿಮ್ಮೂರಿನ ದರ ಹಾಕಿ ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆಯಿರಿ.

ಸಾಲ ಬೇಕಾದರೆ ಮುದ್ರಾ ಯೋಜನೆಯಲ್ಲಿ ಶಿಶು ವರ್ಗಕ್ಕೆ 50,000 ರೂಪಾಯಿ ತನಕ, ಕಿಶೋರ ವರ್ಗಕ್ಕೆ 5 ಲಕ್ಷದ ತನಕ ಸಿಗುತ್ತದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಸಹಾಯಧನ ಉಂಟು. ಸಹಾಯಧನ ಕೇಳುವವರು ಮೊದಲು ಕೊಟೇಶನ್ ಮಾತ್ರ ತಗೊಳ್ಳಿ, ಸಾಲ ಮಂಜೂರಾಗುವ ತನಕ ದುಡ್ಡು ಕಟ್ಟಬೇಡಿ. ಕಂತು ಎಷ್ಟಿರಬೇಕು ಎಂದರೆ, ಒಂದೂ ಮದುವೆ ಇಲ್ಲದ ಆಷಾಢದಲ್ಲೂ ಕಟ್ಟುವ ಹಾಗಿರಬೇಕು.

ಕಲಿಯಬೇಕೆನ್ನುವವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗಳು, ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಹೊಲಿಗೆಯ ಬ್ಯಾಚ್ ಯಾವಾಗ ಎಂದು ವಿಚಾರಿಸಿ.

9. ಮನೆಗೆ ಬಂದ ಮೇಲೆ

ಸಾಧ್ಯವಾದರೆ ಆಷಾಢ ಶುರುವಾಗುವಾಗ ಮೆಷಿನ್ ತನ್ನಿ. ಕೆಲಸ ಕಡಿಮೆ, ಕಲಿಯಲು ಸಮಯ ಸಿಗುತ್ತದೆ. ಶ್ರಾವಣ, ಗೌರಿ ಹಬ್ಬದ ಹೊತ್ತಿಗೆ ಕೈ ಕುದುರಿರುತ್ತದೆ.

ಮೊದಲ ಎರಡು ವಾರ ಹಳೆಯ ಪಂಚೆ, ಲೈನಿಂಗ್ ಚೂರುಗಳ ಮೇಲೆ ಮಾತ್ರ ಹೊಲಿಯಿರಿ. ಒಂದು ನೋಟ್‌ಬುಕ್ ಇಡಿ. ಯಾವ ಬಟ್ಟೆ, ಎಷ್ಟು ನಂಬರ್ ಸೂಜಿ, ಎಷ್ಟು ವೇಗ, ಕೆಳಗೆ ಎಷ್ಟು ಪದರ ಬ್ಯಾಕಿಂಗ್ ಎಂದು ಬರೆದು, ಪಕ್ಕದಲ್ಲೇ ಆ ಚೂರನ್ನು ಪಿನ್ ಮಾಡಿ. ನನ್ನ ನೋಟ್‌ಬುಕ್‌ನಲ್ಲಿ ಖಣಕ್ಕೇ ನಾಲ್ಕು ಪುಟಗಳಿವೆ. ಗಿರಾಕಿಯ ಬಟ್ಟೆ ಕೈಗೆ ಬರುವಾಗ ಬ್ಲೌಸಿಗೆ ಬೇಕಾದ್ದಕ್ಕಿಂತ ಕಾಲು ಮೀಟರ್ ಜಾಸ್ತಿ ತರಲು ಹೇಳಿ. ಆ ಕಾಲು ಮೀಟರಿನ ಮೇಲೆ ಮೊದಲು ಒಂದು ಎಲೆ ಹೊಲಿದು, ತಿರುವಿ ನೋಡಿ, ಆಮೇಲೆ ನವಿಲಿಗೆ ಕೈ ಹಾಕಿ.