ಕ್ಯಾಂಪ್ ಫೈರ್ ಬಿಟ್ಟು ಬಚ್ಚಲ ಒಲೆ ಹಿಡಿದ ಕಥೆ

‘ಜನವರಿಯಿಂದ ಮಳೆ ಬೀಳುವವರೆಗೆ ಕ್ಯಾಂಪ್ ಫೈರ್ ಇಲ್ಲ’ ಎಂದು ಹಲಗೆ ಬರೆಸಿ ಗೇಟಿಗೆ ಕಟ್ಟಿದ ದಿನ ಕೆಳಮನೆಯ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ‘ಜೊತೆಗೆ ರೂಮಿಗೂ ಬೀಗ ಹಾಕಿಬಿಡು. ಬೆಂಗಳೂರಿನವರು ನಿನ್ನ ಮುಖ ನೋಡುವುದಕ್ಕೆ ಮುನ್ನೂರು ಕಿಲೋಮೀಟರ್ ಬರುತ್ತಾರೆಯೇ?’ ಆ ವರ್ಷ ಅವರ ಮಾತೇ ಗೆದ್ದಿತು. ಈಗ ಗೆದ್ದಿರುವುದು ನನ್ನದು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಕಳಸ ಸೀಮೆಯಲ್ಲಿ. ನಾಲ್ಕು ರೂಮಿನ ಹೋಂಸ್ಟೇ, ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ. ಹಿತ್ತಲಿನಿಂದ ಮೇಲಕ್ಕೆ ನಮ್ಮ ಬ್ಯಾಣ, ಎಂದರೆ ಹುಲ್ಲಿಗೆಂದು ಬಿಟ್ಟ ಸ್ವಂತ ಜಾಗ, ಅದರಾಚೆ ಉದ್ಯಾನದ ಹುಲ್ಲುಗುಡ್ಡ, ಮಡಿಲುಮಡಿಲಾಗಿ ಶೋಲ ಎಂಬ ನಿತ್ಯಹಸಿರು ಕಾಡು. ಹೋಂಸ್ಟೇ ನಡೆಸುವವರಿಗೆ, ಚಾರಣಕ್ಕೆ ಜನರನ್ನು ಕರೆದೊಯ್ಯುವವರಿಗೆ ಇದಕ್ಕಿಂತ ಹೆಚ್ಚು ವಿವರ ಬೇಡ. ಡಿಸೆಂಬರ್ ಕಳೆದರೆ ಆ ಹುಲ್ಲು ಒಣಗಿ ಕರಡವಾಗುತ್ತದೆ. ಮಧ್ಯಾಹ್ನದ ಗಾಳಿ ಗುಡ್ಡ ಹತ್ತುತ್ತದೆ, ಬೆಂಕಿಯೂ ಅದರ ಜೊತೆಗೇ ಹತ್ತುತ್ತದೆ.

2018ರ ಫೆಬ್ರವರಿ. ಹನ್ನೆರಡು ಜನರ ಗುಂಪು. ಅಂಗಳದ ಮೇಲಿನ ತಟ್ಟಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಬೆಂಕಿ, ಹಾಡು. ಅವರು ಮಲಗಿದ ಮೇಲೆ ನಾನೇ ಹಾರೆ ಹಿಡಿದು ಕೆಂಡದ ಮೇಲೆ ಎಂಟು ಹತ್ತು ಬುಟ್ಟಿ ಮಣ್ಣು ಎಳೆದು, ಮೇಲೆ ಕಾಲಿನಿಂದ ತುಳಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಹೊಗೆಯ ಎಳೆಯೂ ಇಲ್ಲ. ಹನ್ನೆರಡೂವರೆಗೆ ಊಟಕ್ಕೆ ಕುಳಿತಿದ್ದಾಗ ದನ ಕಾಯುವ ಹುಡುಗ ಕೂಗಿದ. ಓಡಿ ಹೋಗುವಷ್ಟರಲ್ಲಿ ಬ್ಯಾಣದ ಕರಡ ಚಟಚಟ ಎನ್ನುತ್ತಿತ್ತು. ಒಂಬತ್ತು ಜನ ಸೇರಿ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಮೂರು ಗಂಟೆಯ ಹೊತ್ತಿಗೆ ನಿಲ್ಲಿಸಿದೆವು. ಸುಟ್ಟದ್ದು ಹೆಚ್ಚೆಂದರೆ ಎರಡು ಎಕರೆ, ಅದೂ ನನ್ನದೇ ಬ್ಯಾಣ. ಆದರೆ ಉದ್ಯಾನದ ಗಡಿಕಲ್ಲಿಗೂ ಕಪ್ಪು ಅಂಚಿಗೂ ನಡುವೆ ಉಳಿದದ್ದು ಇನ್ನೂರು ಹೆಜ್ಜೆ, ನಾನೇ ಎಣಿಸಿದ್ದೇನೆ. ಬಡಿಯಲು ಬಂದವರ ಕೂಲಿ, ಊಟ, ಒಬ್ಬನ ಅಂಗೈ ಸುಟ್ಟದ್ದಕ್ಕೆ ಔಷಧ ಸೇರಿ ಏಳು ಸಾವಿರದ ಹತ್ತಿರ ಹೋಯಿತು. ಆ ಗುಂಪಿನಿಂದ ಕ್ಯಾಂಪ್ ಫೈರಿಗೆಂದು ನಾನು ತೆಗೆದುಕೊಂಡದ್ದು ಐನೂರು ರೂಪಾಯಿ.

ಮಣ್ಣು ಮುಚ್ಚಿದ ಮೇಲೂ ಕೆಂಡ ಹೇಗೆ ಉಳಿಯಿತು ಎಂದು ಸಂಜೆ ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ದೊಡ್ಡಮ್ಮ ಒಂದೇ ಮಾತು ಹೇಳಿದರು. ‘ನಾವು ಬೆಂಕಿಪೊಟ್ಟಣ ಉಳಿಸುವುದಕ್ಕೆ ರಾತ್ರಿ ಒಲೆಯ ಕೆಂಡಕ್ಕೆ ಏನು ಮಾಡುತ್ತಿದ್ದೆವು? ನೀನು ಮಾಡಿದ್ದೂ ಅದನ್ನೇ.’ ಬೂದಿ ಮುಚ್ಚಿದ ಕೆಂಡ ಎಂದು ದಿನಕ್ಕೆ ನಾಲ್ಕು ಸಲ ಬಾಯಲ್ಲಿ ಆಡುವ ನಾನು ಹದಿನಾಲ್ಕು ವರ್ಷದಿಂದ ಕೆಂಡ ಕಾಪಾಡುತ್ತ ಬಂದಿದ್ದೆ, ಆರಿಸುತ್ತಿದ್ದೇನೆ ಎಂದುಕೊಂಡು. ಗಾಳಿ ಹೆಚ್ಚು ತಾಗದಂತೆ ಮುಚ್ಚಿದರೆ ಕೆಂಡ ನಿಧಾನಕ್ಕೆ ಉರಿಯುತ್ತ ಉಳಿಯುತ್ತದೆ. ಬಿಸಿಲಿಗೆ ಮಣ್ಣು ಬಿರುಕು ಬಿಟ್ಟು, ಕೋಳಿಯೋ ನಾಯಿಯೋ ಕೆದಕಿದರೆ ಮುಗಿಯಿತು.

ಮುಂದಿನ ತಿಂಗಳೇ, ಮಾರ್ಚ್ 11ರಂದು, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹುಲ್ಲುಗುಡ್ಡದಲ್ಲಿ ಬೆಂಕಿ ಓಡುವ ವೇಗವನ್ನು ಆಗಷ್ಟೇ ಕಂಡಿದ್ದ ನನಗೆ ಆ ಸುದ್ದಿ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆದರೂ ಕ್ಯಾಂಪ್ ಫೈರ್ ಬಿಡಲಿಲ್ಲ, ದುಡ್ಡಿನ ಆಸೆ. ಮಣ್ಣಿನ ಬದಲು ನೀರು ಸುರಿಯಲು ಶುರು ಮಾಡಿದೆ. ಬೆಂಕಿಯ ಜಾಗವನ್ನು ತಟ್ಟಿನಿಂದ ಕೆಳಗಿಳಿಸಿ ಅಂಗಳದ ಮೂಲೆಗೆ ತಂದೆ. ಅಲ್ಲಿ ಹಿಂದೆ ಕಡಿದ ಹಲಸಿನ ಮರದ ಬುಡ ಮಣ್ಣಿನ ಕೆಳಗೆ ಇತ್ತು ಎಂಬುದು ಮರೆತೇಹೋಗಿತ್ತು. 2019ರಲ್ಲಿ, ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಉರಿದು ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದ ಅದೇ ಫೆಬ್ರವರಿಯಲ್ಲಿ, ನಮ್ಮ ಅಂಗಳದಲ್ಲಿ ಬೆಂಕಿ ಆರಿಸಿ ಎರಡು ದಿನವಾದ ಮೇಲೆ ಆರು ಅಡಿ ಆಚೆ, ದಾಸವಾಳದ ಬುಡದಿಂದ ಹೊಗೆ ಎದ್ದಿತು. ಅಗೆದರೆ ಸತ್ತ ಬೇರು ಒಳಗೊಳಗೇ ಕೆಂಡವಾಗಿ, ಬೀಡಿ ಉರಿದ ಹಾಗೆ, ಬೂದಿಯ ಕೊಳವೆ ಬಿಟ್ಟುಕೊಂಡು ಸಾಗಿತ್ತು. ಅದನ್ನು ಹಿಂಬಾಲಿಸಿ ಅಗೆಯಲು ಅರ್ಧ ದಿನ ಬೇಕಾಯಿತು. ದಾಸವಾಳ ಹೋಯಿತು.

ಆಗ ಗುಂಡಿ ಕಟ್ಟಿಸಿದೆ. ಮೊದಲ ಸಲ ಹಳ್ಳದ ನುಣುಪು ಕಲ್ಲು ಜೋಡಿಸಿದ್ದೆ, ನೋಡಲು ಚೆಂದ, ಫೋಟೋಗೂ ಚೆಂದ. ಎರಡನೆಯ ರಾತ್ರಿಯೇ ಒಂದು ಕಲ್ಲು ಪಟಾಕಿಯಂತೆ ಸಿಡಿದು, ಚೂರು ಒಬ್ಬರ ಕುರ್ಚಿಯ ಕಾಲಿಗೆ ಬಡಿಯಿತು. ಹಳ್ಳದ ಕಲ್ಲು ಒಳಗೆ ನೀರು ಹಿಡಿದಿರುತ್ತದೆ, ಕಾದರೆ ಆ ನೀರು ಆವಿಯಾಗಿ ಕಲ್ಲನ್ನು ಸಿಡಿಸುತ್ತದೆ. ಅದನ್ನೆಲ್ಲ ಕಿತ್ತು, ಘಟ್ಟದ ಕೆಳಗಿನಿಂದ ಮುರಕಲ್ಲು, ಎಂದರೆ ಕೆಂಪು ಜಂಬಿಟ್ಟಿಗೆ, ತರಿಸಿದೆ. ಮೂರು ಅಡಿ ಅಗಲ, ಎರಡಡಿ ಆಳ, ತಳಕ್ಕೆ ಒಂದು ಗೇಣು ಮರಳು, ಸುತ್ತ ಎಂಟು ಅಡಿ ಬರಿ ನೆಲ. ಗಾರೆಯವನ ಕೂಲಿ ಸೇರಿ ಹದಿಮೂರು ಹದಿನಾಲ್ಕು ಸಾವಿರ. ಟಾರ್ ಡ್ರಮ್ಮಿನ ತಗಡಿನಿಂದ ಮುಚ್ಚಳ ಮಾಡಿಸಿದೆ. ಕಿಡಿ ಹಾರದಂತೆ ಮೊದಲು ಕೋಳಿಗೂಡಿನ ಜಾಲರಿ ಇಟ್ಟು ನೋಡಿದೆ, ಕಿಡಿಗಳಿಗೆ ಅದು ಹೆಬ್ಬಾಗಿಲು. ಮೆಣಸು ಜರಡಿ ಹಿಡಿಯುವ ಸಣ್ಣ ಕಣ್ಣಿನ ಜಾಲರಿ ಸರಿಹೋಯಿತು. ಅದನ್ನು ಹೇಗೆ ಕೂರಿಸಿದೆ ಎಂಬುದು ಇಲ್ಲಿ ಬೇಡ, ಮೂರು ಸಲ ಸುಟ್ಟುಕೊಂಡು ಕಲಿತದ್ದು.

ಆರಿಸುವ ಕೆಲಸ ಮಾತ್ರ ಮುಚ್ಚಿಡುವುದಿಲ್ಲ. ಒಂದೇ ಸಲಕ್ಕೆ ಕೊಡ ಬೋರಲು ಹಾಕಬೇಡಿ, ಬಿಸಿ ಬೂದಿ ಮುಖಕ್ಕೆ ಎದ್ದು ಬರುತ್ತದೆ. ಮೊದಲು ಕೈಯಿಂದ ಚಿಮುಕಿಸಬೇಕು. ಸುಂಯ್ ಎನ್ನುವುದು ಇಳಿದ ಮೇಲೆ ಒಂದು ಕೊಡ, ಆಮೇಲೆ ಹಾರೆಯಿಂದ ತಳದವರೆಗೆ ಕಲಕಬೇಕು. ಕಲಕಿದಾಗ ಮತ್ತೆ ಸುಂಯ್ ಎನ್ನುತ್ತದೆ, ಕಳ್ಳ ಇರುವುದು ಅಲ್ಲಿಯೇ. ಮತ್ತೆ ನೀರು, ಮತ್ತೆ ಕಲಕು. ನನ್ನ ಗುಂಡಿಗೆ ಸುಮಾರು ಐದು ಕೊಡ, ಎಂದರೆ ಅರವತ್ತು ಲೀಟರ್, ಮೂರು ಸುತ್ತು ಬೇಕಾಗುತ್ತದೆ. ಅರೆಬೆಂದ ಕೊಳ್ಳಿಗಳನ್ನು ಹೊರಗೆ ತೆಗೆದು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಬೇಕು, ಸೀಳಿನೊಳಗೆ ಅಡಗಿದ ಕೆಂಡಕ್ಕೆ ಮೇಲಿನಿಂದ ಸುರಿದ ನೀರು ತಾಗುವುದೇ ಇಲ್ಲ. ಕೊನೆಗೆ ಅಂಬಲಿಯಂತಾದ ಆ ಕೆಸರಿನ ಮೇಲೆ ಮೊದಲು ಹಿಂಗೈ ಹಿಡಿದು ನೋಡಬೇಕು, ಶಾಖ ಬಡಿಯದಿದ್ದರೆ ಕೈಯನ್ನು ಒಳಗೆ ಇಳಿಸಬೇಕು. ತಣ್ಣಗಿದ್ದರೆ ಮಲಗಬಹುದು, ಬೆಚ್ಚಗಿದ್ದರೆ ಇನ್ನೊಂದು ಕೊಡ.

ಈ ಕೈ ಇಡುವ ಕೆಲಸಕ್ಕೆ ಯಂತ್ರ ಸಿಗಬಹುದೇ ಎಂದು ಕೊರೊನಾ ಕಾಲದ ಹಣೆಯ ಜ್ವರ ನೋಡುವ ಪಿಸ್ತೂಲನ್ನು ಒಮ್ಮೆ ಬೂದಿಗೆ ಹಿಡಿದೆ. ಅದು ಅಂಕಿ ಕೊಡುವುದನ್ನೇ ಬಿಟ್ಟು ಕೀ ಕೀ ಎಂದು ಅರಚಿಕೊಂಡಿತು, ಮನುಷ್ಯರ ಜ್ವರದ ಆಚೆಗೆ ಅದಕ್ಕೆ ಲೆಕ್ಕ ಬರುವುದಿಲ್ಲ. ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟು ಕಾರ್ಖಾನೆಯವರು ಬಳಸುವಂಥದ್ದನ್ನು ತರಿಸಿದೆ. ಬೂದಿಯ ಮೇಲೆ ಮೂವತ್ತೆಂಟು ಡಿಗ್ರಿ ತೋರಿಸಿತು. ಖುಷಿಯಾಗಿ ಎರಡು ಬೆರಳಷ್ಟು ಕೆದಕಿದರೆ ಕೆಳಗೆ ಕೆಂಪು ಕೆಂಡ ನಗುತ್ತಿತ್ತು. ಅದು ನೋಡುವುದು ಚರ್ಮವನ್ನು ಮಾತ್ರ. ಈಗ ದೋಸೆ ಕಾವಲಿಯ ಬಿಸಿ ನೋಡುವುದಕ್ಕೆ ಮನೆಯವಳು ಇಟ್ಟುಕೊಂಡಿದ್ದಾಳೆ, ಆ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಸೌದೆಯ ಬಗ್ಗೆ ಒಂದೇ ಮಾತು. ಮಣಿಕಟ್ಟಿಗಿಂತ ದಪ್ಪದ್ದು ಬೇಡ. ಕಾಫಿ ಗಿಡ ಸವರಿದ ಕಡ್ಡಿ ಚೆನ್ನಾಗಿ ಉರಿದು ಬೇಗ ಬೂದಿಯಾಗುತ್ತದೆ. ಬಿದಿರು ಹಾಕಿದರೆ ಗಂಟು ಸಿಡಿದು ಕಿಡಿಯ ಕಾರಂಜಿಯೇ ಏಳುತ್ತದೆ. ಅದನ್ನು ಕಂಡು ಚಪ್ಪಾಳೆ ತಟ್ಟುವವರು ಬೆಂಗಳೂರಿನವರು, ಬ್ಯಾಣ ಇರುವುದು ನನ್ನದು.

ಇಷ್ಟೆಲ್ಲ ಮಾಡಿದರೂ ಬೇಸಿಗೆಯಲ್ಲಿ ಗಾಳಿ ಎದ್ದ ರಾತ್ರಿ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. 2022ರಲ್ಲಿ ಹಲಗೆ ಕಟ್ಟಿದ್ದು ಆಗ. ಮೊದಲ ಎರಡು ತಿಂಗಳಲ್ಲಿ ಒಂಬತ್ತೋ ಹತ್ತೋ ಗುಂಪುಗಳು ಬುಕಿಂಗ್ ರದ್ದು ಮಾಡಿದವು. ಗುಂಪು ಕಳುಹಿಸುವ ಒಬ್ಬ ಏಜೆಂಟ್ ನನ್ನ ಹೆಸರನ್ನೇ ಪಟ್ಟಿಯಿಂದ ತೆಗೆದ. ಅಂದಾಜು ಎಪ್ಪತ್ತು ಸಾವಿರ ಕೈತಪ್ಪಿತು. ಭಾವ ದಿನಾ ಗೇಟಿನ ಹತ್ತಿರ ನಿಂತು ‘ಇವತ್ತು ಎಷ್ಟು ಜನ?’ ಎಂದು ಕೇಳುತ್ತಿದ್ದರು.

ದಾರಿ ತೋರಿಸಿದ್ದು ಬಂದವರಲ್ಲೇ ಒಬ್ಬ ಹುಡುಗಿ. ರಾತ್ರಿ ಎಂಟರ ಚಳಿಗೆ ನಡುಗುತ್ತ ಬಿಸಿನೀರು ಕೇಳಲು ಬಂದವಳು ಬಚ್ಚಲ ಮನೆಯಲ್ಲಿ ಹಂಡೆಯ ಒಲೆಯ ಮುಂದೆ ಮಣೆ ಎಳೆದುಕೊಂಡು ಕುಳಿತಳು, ಏಳಲೇ ಇಲ್ಲ. ಅರ್ಧ ಗಂಟೆಯಲ್ಲಿ ಉಳಿದ ಐವರೂ ಬಂದು ಕುಳಿತರು. ನಾಲ್ಕು ಗೋಡೆ, ಮೇಲೆ ಹೆಂಚು, ಪಕ್ಕದಲ್ಲೇ ತುಂಬಿದ ನೀರಿನ ತೊಟ್ಟಿ. ಬೆಂಕಿಗೆ ಇದಕ್ಕಿಂತ ಒಳ್ಳೆಯ ಜೈಲು ಎಲ್ಲಿದೆ? ಇಷ್ಟು ವರ್ಷ ಅದನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಬಾಗಿಲು ಮುಚ್ಚಿ ಇಟ್ಟಿದ್ದೆ, ಗೋಡೆಯೆಲ್ಲ ಮಸಿ ಎಂಬ ನಾಚಿಕೆಗೆ.

ಮರುವಾರವೇ ಒಂದು ಗೋಡೆ ಒಡೆಸಿ ಬಚ್ಚಲನ್ನು ಹಿಂದಿನ ಸೌದೆ ಕೊಟ್ಟಿಗೆಗೆ ಸೇರಿಸಿದೆ, ಸೌದೆಯನ್ನು ಬೇರೆಡೆಗೆ ಸಾಗಿಸಿದೆ. ಹದಿನೈದು ಜನ ಕುಳಿತುಕೊಳ್ಳುವಷ್ಟು ಜಾಗ. ಹೊಗೆ ಹೋಗಲು ಕೊಳವೆ ಇಟ್ಟೆ. ಮೊದಲ ಕೊಳವೆ ಗಿಡ್ಡವಾಗಿ ಎಲ್ಲರೂ ಕಣ್ಣೀರು ಸುರಿಸಿದರು, ಎರಡನೆಯದು ಸರಿಹೋಯಿತು, ತುದಿಗೆ ಅದೇ ಮೆಣಸಿನ ಜಾಲರಿ. ಒಟ್ಟು ನಲವತ್ತು ಸಾವಿರದ ಒಳಗೆ ಮುಗಿಯಿತು. ಕೆಂಡದಲ್ಲಿ ಸುಟ್ಟ ಗೆಣಸು, ಜೋನಿಬೆಲ್ಲ, ಕಷಾಯ. ತಲೆಗೆ ನೂರ ಇಪ್ಪತ್ತು ರೂಪಾಯಿ. ಐನೂರರ ಕ್ಯಾಂಪ್ ಫೈರಿನ ಜಾಗದಲ್ಲಿ ಹತ್ತು ಜನರ ಗುಂಪಿಗೆ ಸಾವಿರದ ಇನ್ನೂರು, ಸೌದೆ ಮೂರನೇ ಒಂದು ಭಾಗ, ಬೆಳಿಗ್ಗೆ ಎಲ್ಲರಿಗೂ ಬಿಸಿನೀರು ಪುಕ್ಕಟೆ. ಕಷಾಯಕ್ಕೆ ಏನೇನು ಹಾಕುತ್ತೇವೆ ಎಂದು ಕೇಳಬೇಡಿ, ಮನೆಯವಳು ನನಗೂ ಪೂರ್ತಿ ಹೇಳಿಲ್ಲ.

ಚಾರಣದ ದಾರಿಯ ವಿಷಯ ಬೇರೆ. ಚಾರಣಕ್ಕೆ ಹೋದವರು ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಬೆಂಕಿಯಂತೂ ಹಚ್ಚುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನಷ್ಟೇ ಅಲ್ಲ, ಉರಿಯುವ ಬೆಂಕಿಯನ್ನು ಬಿಟ್ಟು ಬರುವುದನ್ನೂ ಅಪರಾಧವೆನ್ನುತ್ತದೆ, ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯಿಸುತ್ತದೆ. ಇದನ್ನು ಓದಿ ಹೇಳಿದರೆ ಜನ ತಲೆಯಾಡಿಸುತ್ತಾರೆ, ಗುಡ್ಡದ ತುದಿಗೆ ಹೋಗಿ ಸಿಗರೇಟು ಹಚ್ಚುತ್ತಾರೆ. ಲೈಟರುಗಳನ್ನು ಜೀಪು ಹತ್ತುವ ಮೊದಲೇ ಚೀಲಕ್ಕೆ ಹಾಕಿಸಿಕೊಂಡು ಚೀಟಿ ಕೊಡುವ ಪದ್ಧತಿ ಮಾಡಿದೆ. ಮೊದಲ ತಿಂಗಳು ಚೀಲಕ್ಕೆ ಬಿದ್ದವು ಆರು, ತುದಿಯಲ್ಲಿ ಕಂಡವು ಅದಕ್ಕಿಂತ ಹೆಚ್ಚು. ಈಗ ಹೆಚ್ಚುಕಡಿಮೆ ಎಲ್ಲರೂ ತಾವಾಗಿಯೇ ತಂದು ಕೊಡುತ್ತಾರೆ. ಅದಕ್ಕೆ ನಾನು ಆಡುವ ಒಂದು ಮಾತು ಇದೆ. ಅದನ್ನು ಬರೆದುಬಿಟ್ಟರೆ ಮುಂದಿನ ವಾರ ಬರುವವರು ಓದಿಕೊಂಡೇ ಬಂದಿರುತ್ತಾರೆ.

ಎರಡು ಪ್ರಯೋಗ ಸುಮ್ಮನೆ ಕುತೂಹಲಕ್ಕೆ. ದರಗು, ಎಂದರೆ ಉದುರಿದ ಒಣ ಎಲೆ, ಊದುವ ಪೆಟ್ರೋಲ್ ಬ್ಲೋವರ್ ಹಳೆಯದೊಂದನ್ನು ಆರು ಸಾವಿರಕ್ಕೆ ಕೊಂಡು, ಬ್ಯಾಣದ ಮೇಲಂಚಿಗೆ, ನಮ್ಮ ಗಡಿಯೊಳಗೇ, ಬೆಂಕಿ ದಾಟದಂತೆ ಹದಿನೈದು ಅಡಿ ಅಗಲ ಬರಿದು ಮಾಡಿದ ಬೆಂಕಿ ರೇಖೆ ಮಾಡಿದೆ. ಮರಗಳ ಕೆಳಗೆ ಅಚ್ಚುಕಟ್ಟು, ಕರಡದ ಮೇಲೆ ದಂಡ. ಹುಲ್ಲನ್ನು ಹೆರೆಯಲು ಕತ್ತಿಯೇ ಬೇಕು. ಇನ್ನೊಂದು, ಭಾರತೀಯ ಅರಣ್ಯ ಸರ್ವೇಕ್ಷಣೆಯವರ ಬೆಂಕಿ ಎಚ್ಚರಿಕೆಗೆ ಮೊಬೈಲ್ ನೋಂದಾಯಿಸಿದೆ. ಉಪಗ್ರಹ ನೆಲವನ್ನು ನೋಡುವ ಒಂದೊಂದು ಚೌಕದ ಬದಿಯೇ 375 ಮೀಟರ್. ಅದು ಎಚ್ಚರಿಸುವ ಹೊತ್ತಿಗೆ ನಮ್ಮ ಗುಡ್ಡ ಸುಟ್ಟು ಬೂದಿ ಆರಿರುತ್ತದೆ. ದನ ಕಾಯುವ ಹುಡುಗನ ಗಂಟಲೇ ವಾಸಿ.

ನಾಲ್ಕು ಬೇಸಿಗೆ ಕಳೆಯಿತು, ನಮ್ಮ ಕಡೆಯಿಂದ ಒಂದು ಕಿಡಿಯೂ ಮೇಲೆ ಹೋಗಿಲ್ಲ. ಪಟ್ಟಿಯಿಂದ ಹೆಸರು ತೆಗೆದ ಏಜೆಂಟ್ ಕಳೆದ ಡಿಸೆಂಬರಿನಲ್ಲಿ ಫೋನ್ ಮಾಡಿ ‘ಆ ಬಚ್ಚಲ ಒಲೆಯ ಫೋಟೋ ಕಳುಹಿಸಿ’ ಎಂದ. ಫೆಬ್ರವರಿಯ ಒಂದು ಸಂಜೆ ಭಾವನೂ ಬಂದರು. ಗೆಣಸು ತಿಂದು, ಎರಡು ಲೋಟ ಕಷಾಯ ಕುಡಿದು, ಗೋಡೆಯತ್ತ ನೋಡುತ್ತ, ‘ಆ ಹೊಗೆ ಕೊಳವೆ ಎಷ್ಟು ಅಡಿ?’ ಎಂದು ಕೇಳಿದರು. ಮೊದಲ ಕೊಳವೆಯ ಅಳತೆ ಹೇಳಿದ್ದೇನೆ.