ಫಾಂಡೆಂಟ್ ಬಿಟ್ಟ ಮೇಲೆ ಕೀಬೋರ್ಡ್ ಕೇಕ್ ನಿಂತಿತು

"ಹಾಸನದಲ್ಲಿ ಕೀಬೋರ್ಡ್ ಕೇಕ್ ಯಾರಿಗೆ ಬೇಕು ಗುರು? ಸುಮ್ನೆ ಬ್ಲ್ಯಾಕ್ ಫಾರೆಸ್ಟ್ ಮಾಡು, ದಿನಾ ಹತ್ತು ಹೋಗುತ್ತೆ" ಅಂದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ಎರಡು ದಿನದ ಕ್ಲಾಸಿಗೆ ಹೋದಾಗ ಅಲ್ಲಿಯೂ ಒಂದೇ ಮಾತು. ಫಾಂಡೆಂಟ್, ಅಂದರೆ ಕೇಕಿಗೆ ಹೊದಿಸುವ ಸಕ್ಕರೆ ಕಣಕ, ಇಲ್ಲದೆ ಅಂಚು ಚೂಪಾಗಿ ಬರುವುದಿಲ್ಲ, ಅಂಚು ಚೂಪಿಲ್ಲದಿದ್ದರೆ ಅದು ಗ್ಯಾಜೆಟ್ ಕೇಕೇ ಅಲ್ಲ ಅಂತ. ಕಳೆದ ಮಳೆಗಾಲದಲ್ಲಿ 104 ಕೀ ಇರುವ ಕಂಪ್ಯೂಟರ್ ಕೀಬೋರ್ಡ್ ಕೇಕನ್ನು, ಒಂದು ಚೂರೂ ಫಾಂಡೆಂಟ್ ಹಾಕದೆ, ಸುರಿಯುವ ಮಳೆಯಲ್ಲಿ ಸಕಲೇಶಪುರಕ್ಕೆ ತಗೊಂಡು ಹೋಗಿ ಕೊಟ್ಟು ಬಂದೆ. ಒಂದು ಕೀ ಕದಲಲಿಲ್ಲ. ಆ ಖುಷಿಗೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮೊದಲು ಮೊಬೈಲ್ ರಿಪೇರಿ ಅಂಗಡಿ. ಮನೆಯಲ್ಲಿ ಕೇಕ್ ಬೇಯಿಸುವವಳು ಹೆಂಡತಿ. ಈಗಲೂ ಸ್ಪಂಜು ಅವಳದೇ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನಮ್ಮ ಕಡೆ ಮುಕ್ಕಾಲು ಪಾಲು ಆರ್ಡರ್ ಮೊಟ್ಟೆ ಇಲ್ಲದ್ದು, ಹಾಗಾಗಿ ಕಂಡೆನ್ಸ್ಡ್ ಮಿಲ್ಕ್ ಕೇಕು. ಅದು ಮೆತ್ತಗೆ, ಭಾರ ತಡೆಯುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಮಾಡಿದ್ದು ನೋಕಿಯಾ 3310. ಸ್ನೇಹಿತನೊಬ್ಬನಿಗೆ 40 ತುಂಬಿತ್ತು. 2000ದಲ್ಲಿ ಬಂದ ಆ ಫೋನನ್ನು ನಾನು ನೂರಾರು ಸಲ ಬಿಚ್ಚಿ ಜೋಡಿಸಿದವನು. ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಅನ್ನುವ ಜಂಭ ಇತ್ತು. ಕಡು ನೀಲಿ ಫಾಂಡೆಂಟ್ ಹೊದಿಸಿ ಫ್ರಿಜ್ಜಿನಲ್ಲಿ ಇಟ್ಟೆ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಬೆವರಲು ಶುರುವಾಯಿತು. ಸಕ್ಕರೆ ತೇವ ಎಳೆಯುತ್ತದೆ, ಅದು ಗೊತ್ತಿರುವುದೇ. ಆದರೆ ಜುಲೈ ತಿಂಗಳ ಹಾಸನದಲ್ಲಿ ಅದು ಎಳೆಯುವ ರೀತಿಯೇ ಬೇರೆ. ಬಣ್ಣ ಹರಿದು ಮೆತ್ತಗಾಗಿ, ಫೋನು ನೀರಿಗೆ ಬಿದ್ದ ಹಾಗೆ ಕಾಣುತ್ತಿತ್ತು. ಸ್ನೇಹಿತ ನಕ್ಕ. ತಿಂದವರ ನಾಲಿಗೆ ಎರಡು ದಿನ ನೀಲಿ. ಅದರ ಮೇಲೆ ಇನ್ನೂ ನಾಲ್ಕು ಕೇಕ್ ಹಾಳಾದವು. ಫಾಂಡೆಂಟ್, ಬಣ್ಣ, ವಾಪಸ್ ಕೊಟ್ಟ ಅಡ್ವಾನ್ಸ್ ಎಲ್ಲಾ ಸೇರಿ ಸುಮಾರು 9,000 ಹೋಗಿರಬೇಕು. ಅಂಗಡಿಯಲ್ಲಿ ಹತ್ತು ದಿನ ಡಿಸ್‌ಪ್ಲೇ ಹಾಕಿದರೂ ಅಷ್ಟು ಉಳಿಯುತ್ತಿರಲಿಲ್ಲ.

ಆಮೇಲೆ ಹಿಡಿದದ್ದು ಮಾಡೆಲಿಂಗ್ ಚಾಕೊಲೇಟ್. ಕಾಂಪೌಂಡ್ ಚಾಕೊಲೇಟು, ಲಿಕ್ವಿಡ್ ಗ್ಲುಕೋಸು, ಅಷ್ಟೇ. ಡಾರ್ಕ್ ಆದರೆ 400 ಗ್ರಾಮಿಗೆ ನೂರರ ಆಸುಪಾಸು ಗ್ಲುಕೋಸ್, ಏಪ್ರಿಲ್‌ನಲ್ಲಿ ಅದಕ್ಕಿಂತ ಕಡಿಮೆ. ಒಂದು ರಾತ್ರಿ ಮಲಗಿಸಲೇಬೇಕು. ಇದರಲ್ಲಿರುವ ಕೊಬ್ಬು ಫಾಂಡೆಂಟಿನ ಸಕ್ಕರೆಯಷ್ಟು ತೇವ ಕುಡಿಯುವುದಿಲ್ಲ. ಒಳಗೆ ಗಟ್ಟಿ ಗನಾಶ್ ಗೋಡೆ, ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮು, ಅದು ಕೂತ ಮೇಲೆ ಅಂಚು ಕತ್ತಿಯಿಂದ ಕೆರೆಯುವುದು. ಮೆತ್ತನೆಯ ಸ್ಪಂಜಿಗೆ ಅದೇ ಬೆನ್ನೆಲುಬು. ಕಪ್ಪು ಬಣ್ಣಕ್ಕೆ ಡಾರ್ಕ್ ಚಾಕೊಲೇಟಿಗೇ ಸ್ವಲ್ಪ ಬಣ್ಣ ಸಾಕು, ನಾಲಿಗೆಯೂ ಕಪ್ಪಾಗುವುದಿಲ್ಲ.

ಬೆಲ್ಲದ ಪಾಕ ಹಾಕಿಯೂ ನೋಡಿದೆ, ಗ್ಲುಕೋಸಿನ ದುಡ್ಡು ಉಳಿಸೋಣ ಅಂತ. ನೀರು ಜಾಸ್ತಿ, ಚಾಕೊಲೇಟ್ ಮರಳು ಮರಳಾಗಿ ಒಡೆಯಿತು. ಮಕ್ಕಳು ಉಂಡೆ ಕಟ್ಟಿಕೊಂಡು ತಿಂದರು. ರುಚಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಉಳಿದದ್ದು ಕೀಗಳು. 104 ಕೀ ಕೈಯಲ್ಲಿ ಕತ್ತರಿಸಿದರೆ 104 ಥರ ಇರುತ್ತವೆ. ಸಿಲಿಕಾನ್ ಅಚ್ಚು ಆನ್‌ಲೈನ್‌ನಲ್ಲಿ ತರಿಸಿದೆ, ಕೀ ಗಾತ್ರ ದೊಡ್ಡದು, ಟಿವಿ ರಿಮೋಟಿನ ಹಾಗೆ ಕಂಡಿತು. ಸಂಕ್ರಾಂತಿಗೆ ಅಮ್ಮ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಇಳಿಸಿದಾಗ ತಲೆಯಲ್ಲಿ ಬಲ್ಬ್ ಹತ್ತಿತು. ಆನೆ, ಗೋಪುರ, ತುಳಸಿಕಟ್ಟೆ ಎಲ್ಲಾ ಎರಡು ಹೋಳಿನ ಮರದಲ್ಲಿ ಅಷ್ಟು ಸ್ಪಷ್ಟವಾಗಿ ಬರುತ್ತವೆ, ಒಂದು ಕೀ ಬರಲ್ವಾ? ಪರಿಚಯದ ಬಡಗಿಯ ಹತ್ತಿರ ಹಳೇ ಕೀಬೋರ್ಡ್ ತಗೊಂಡು ಹೋದೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಕೀಬೋರ್ಡ್ ನೋಡಿದರು. ಎಂಟು ಕೀಗಳ ಒಂದು ಮಣೆ, ಸ್ಪೇಸ್ ಬಾರಿಗೆ ಬೇರೆ, ಎಂಟರ್‌ಗೆ ಬೇರೆ. 1,400 ರೂಪಾಯಿ ತಗೊಂಡರು. ಸಕ್ಕರೆ ಅಚ್ಚಿನ ಮರವನ್ನು ನೀರಿನಲ್ಲಿ ನೆನೆಸುತ್ತಾರೆ. ಚಾಕೊಲೇಟಿಗೆ ಹಾಗೆ ಮಾಡಿದರೆ ಕೆಟ್ಟಿತು. ನಾನು ಏನು ಸವರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಕಾರ್ನ್‌ಫ್ಲೋರ್ ಅಲ್ಲ, ಅದು ಕೀ ಮೇಲೆ ಬೂದಿ ಬಿದ್ದ ಹಾಗೆ ಕೂರುತ್ತದೆ.

ರಿಪೇರಿ ಕೈ ಇಲ್ಲಿ ಕೆಲಸಕ್ಕೆ ಬಂತು. ಕೀಗಳನ್ನು ಚಿಮಟದಲ್ಲಿ ಕೂರಿಸಿ ಸಣ್ಣ ಬ್ಲೋಯರ್‌ನಿಂದ ತಳ ಬೆಚ್ಚಗೆ ಮಾಡಿ ಅಂಟಿಸುತ್ತೇನೆ. ಎರಡೂ ಹೊಸದಾಗಿ ಕೊಂಡವು. ಸೀಸದ ಹೊಗೆ ಕುಡಿದ ಸಾಮಾನನ್ನು ದಯವಿಟ್ಟು ಅಡುಗೆಮನೆಗೆ ತರಬೇಡಿ.

ರಾಜ್ಯೋತ್ಸವಕ್ಕೆ ಕನ್ನಡ ಕೀಬೋರ್ಡ್ ಕೇಕ್ ಕೇಳಿದರು. ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತಿರುವುದು. ನಾನು ಫೋನಿನ ಮನುಷ್ಯ. ಕ್ಯೂ ಇರುವ ಕಡೆ 'ಡ', ಡಬ್ಲ್ಯೂ ಇರುವ ಕಡೆ 'ಟ' ಕೂರಿಸಿಬಿಟ್ಟೆ. ಆರ್ಡರ್ ಕೊಟ್ಟವರು ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುವವರು. ಡಬ್ಬ ತೆಗೆದ ಕೂಡಲೇ, "ರೀ, ಇದರಲ್ಲಿ ಟೈಪ್ ಮಾಡಿದರೆ ಟೋಪಿ ಡೋಪಿ ಆಗುತ್ತೆ" ಅಂದರು. ಅಲ್ಲೇ ನಿಂತು ಎರಡು ಕೀ ಕಿತ್ತು ಅದಲು ಬದಲು ಮಾಡಿದೆ. ಫಾಂಡೆಂಟ್ ಆಗಿದ್ದರೆ ಆಗುತ್ತಿತ್ತಾ?

ಹೊಳೆಯುವ ಸ್ಕ್ರೀನಿನ ಕಥೆ ಇನ್ನೂ ಮುಗಿದಿಲ್ಲ. 3310ರ ಪರದೆಯಲ್ಲಿ ಅಡ್ಡಕ್ಕೆ 84, ಉದ್ದಕ್ಕೆ 48 ಚುಕ್ಕಿ. ಅಷ್ಟನ್ನೂ ಮಾಡಲು ನನಗೇನು ಹುಚ್ಚಾ, ಅದರ ಸ್ನೇಕ್ ಆಟದ ಹಾವನ್ನು ಮಾತ್ರ ಚೌಕ ಚೌಕವಾಗಿ ಜೋಡಿಸುತ್ತೇನೆ. ಗಾಜಿಗೆ ಸಕ್ಕರೆ ಪಾಕ ಎಳೆದೆ, ಸಂಜೆಗೆ ಅಂಟಂಟು. ಸಕ್ಕರೆಯ ಬದಲು ಬಳಸುವ ಐಸೋಮಾಲ್ಟ್ ದುಬಾರಿ, ನಮ್ಮ ಮಳೆಗೆ ಅದೂ ಮಂಕಾಯಿತು. ಈಗ ಚೈನಾ ಗ್ರಾಸ್ ತೆಳುವಾಗಿ ಹೊಯ್ದು, ಕೆಳಗೆ ಮುಚ್ಚಿದ ಡಬ್ಬಿಯಲ್ಲಿ ಎಲ್‌ಇಡಿ ಇಡುತ್ತೇನೆ. ಬಟನ್ ಸೆಲ್ ಹಾಕಿದರೆ ಡಬ್ಬಿಗೆ ಸ್ಕ್ರೂ ಇರಲೇಬೇಕು. ಮಗು ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ. ಕೇಕ್ ಕತ್ತರಿಸುವ ಮೊದಲು ಡಬ್ಬಿ ನಾನೇ ತೆಗೆದುಕೊಂಡು ಬರುತ್ತೇನೆ.

ದುಡ್ಡಿನ ಲೆಕ್ಕ. ಎರಡು ಕೆಜಿ ಕೀಬೋರ್ಡಿಗೆ ಸಾಮಾನು 1,100 ರಿಂದ 1,200, ನನ್ನ ಎರಡು ರಾತ್ರಿ. ಮೊದಲು 1,800ಕ್ಕೆ ಕೊಟ್ಟು ಮೂರ್ಖನಾದೆ. ಈಗ 3,500ಕ್ಕೆ ಕಡಿಮೆ ಮಾಡುವುದಿಲ್ಲ. ತಿಂಗಳಿಗೆ ಐದಾರು ಬರುತ್ತವೆ, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ದುಡ್ಡು ಕೂಡಿಸಿ ತಗೊಳ್ಳುವುದೇ ಜಾಸ್ತಿ. ಚೌಕಾಸಿಯಲ್ಲೂ ಅವರೇ ಮುಂದೆ.

ಕೊನೆಗೆ ಉಪಗ್ರಹ. ಹಾಸನದಲ್ಲಿದ್ದು ಅದನ್ನು ಮಾಡದಿದ್ದರೆ ಹೇಗೆ? ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಇದೆ, ಇನ್‌ಸ್ಯಾಟ್‌ಗಳನ್ನು ನೋಡಿಕೊಳ್ಳುವುದು ನಮ್ಮೂರು. ನಿವೃತ್ತರೊಬ್ಬರ ಮಗಳು ಬಂದು, ಅಪ್ಪನಿಗೆ ಇಸ್ರೋದ ಹಳೇ ಸಂಪರ್ಕ ಉಪಗ್ರಹ ‘ಆಪಲ್’ ಎತ್ತಿನ ಗಾಡಿ ಮೇಲಿರುವ ಕೇಕ್ ಬೇಕು ಅಂದರು. ಆ ಫೋಟೋ ಗೊತ್ತಲ್ವಾ, ಆ್ಯಂಟೆನಾ ಪರೀಕ್ಷೆಗೆ ಲೋಹದ ಲಾರಿ ಅಡ್ಡ ಬರುತ್ತದೆ ಅಂತ ಗಾಡಿ ಕಟ್ಟಿದ್ದರು. ಎತ್ತುಗಳಿಗೆ ನಮ್ಮ ಹಳ್ಳಿಕಾರ್ ಕೊಂಬು ಇಟ್ಟೆ. ಮೊದಲು ಬಿಸ್ಕತ್ತಿನ ಚಕ್ರ ಮಾಡಿದ್ದೆ, ಗಾಡಿ ಕೂತೇ ಬಿಟ್ಟಿತು. ಆಮೇಲೆ ಒಳಗೆ ಮರದ ಇರುಸು ಕೊಟ್ಟು ಅಕ್ರಿಲಿಕ್ ಹಲಗೆಗೆ ಬಿಗಿದೆ. ಸುಕ್ಕು ಸುಕ್ಕು ಚಿನ್ನದ ಹಾಳೆ ಹೊದಿಸಿದ ವಿಧಾನವನ್ನು ಹೇಳುವುದಿಲ್ಲ, ಅದಕ್ಕೆ ಮೂರು ವಾರ ಸುರಿದಿದ್ದೇನೆ. ಸೋಲಾರ್ ರೆಕ್ಕೆಗೆ ಮಾತ್ರ ವೇಫರ್ ಪೇಪರ್, ಅಂದರೆ ತಿನ್ನುವ ಕಾಗದ, ನಂಬಿ ಕೆಟ್ಟೆ. ಅವರ ಮನೆ ಬಾಗಿಲಿಗೆ ಹೋಗುವಷ್ಟರಲ್ಲಿ ಒಂದು ರೆಕ್ಕೆ ಬಾಳೆ ಎಲೆಯ ಹಾಗೆ ಜೋತು ಬಿದ್ದಿತ್ತು.

ಕ್ಷಮೆ ಕೇಳಲು ಬಾಯಿ ತೆರೆದೆ. ಆ ಹಿರಿಯರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿ, "ಪರವಾಗಿಲ್ಲ ಕಣಯ್ಯ, 1981ರಲ್ಲಿ ಅದರದ್ದೂ ಒಂದು ರೆಕ್ಕೆ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು" ಅಂದರು. ಪೂರ್ತಿ ದುಡ್ಡು ಕೊಟ್ಟರು, 5,000. ರೆಕ್ಕೆಯನ್ನೂ ಈಗ ಚಾಕೊಲೇಟಿನಲ್ಲೇ ಎರಡು ಪದರ ಮಾಡಿ, ನಡುವೆ ಸ್ಪಗೆಟ್ಟಿ ಕಡ್ಡಿ ಇಡುತ್ತೇನೆ. ಅಕ್ರಿಲಿಕ್ ಹಲಗೆ ಮಾತ್ರ ಇನ್ನೂ ಅವರ ಮನೆಯಲ್ಲೇ ಇದೆ, ಎತ್ತುಗಳನ್ನು ತಿನ್ನಲು ಅವರು ಬಿಡುತ್ತಿಲ್ಲವಂತೆ.